ಅಮ್ಮ ಕಾಲಿಗೆ ನೀರೆರೆದದ್ದು

ನವೆಂಬರ್ ೧೮, ಮಂಗಳವಾರ

ಗಡಿಯ ಕಾಳಗದಲ್ಲಿ ಎಡಗಾಲು ಕಳೆದುಕೊಂಡ ತಮ್ಮ ಜಿತೇಶ್ ಆರು ತಿಂಗಳ ಆಸ್ಪತ್ರೆವಾಸ ಮುಗಿಸಿ ಇಂದು ನಮ್ಮೂರು ನಾರಾವಿಗೆ ಬಂದ. ಕೃತಕ ಕಾಲನ್ನು ಯಾರಾದರೂ ನೋಡಿದರೆ ಬಂದ ಗಾಡಿಯಲ್ಲೇ ವಾಪಸ್ ಹೋಗುತ್ತೇನೆಂದು ಫೋನಿನಲ್ಲೇ ಹೇಳಿದ್ದ. ನಾವೆಲ್ಲ ಅವನ ಮುಖವನ್ನಷ್ಟೇ ನೋಡುತ್ತಿದ್ದೆವು. ಅಮ್ಮ ಮಾತ್ರ, ದೂರದಿಂದ ಬಂದವರಿಗೆ ಮಾಡುವಂತೆ, ಮೆಟ್ಟಿಲ ಬಳಿ ಚೆಂಬು ಹಿಡಿದು ಎರಡೂ ಕಾಲಿಗೆ ನೀರು ಸುರಿದೇಬಿಟ್ಟಳು. ನಾನು ಇನ್ನೂ ನಿಂತಿದ್ದ ಗಾಡಿಯತ್ತ ನೋಡಿದೆ.

ಅವನು ಬಗ್ಗಿ ಎಡಗಾಲಿನ ಪ್ಯಾಂಟು ಮಡಚಿದ. “ಇದಕ್ಕೆ ಬೇಡ ಅಮ್ಮ. ತುಕ್ಕು ಹಿಡಿದರೆ ಸರಕಾರ ನನ್ನನ್ನು ಕೇಳ್ತದೆ.”

“ಸರಕಾರದ್ದಾದರೆ ಏನು ಮಗಾ, ಮಣ್ಣು ಉಂಟಲ್ಲ,” ಎಂದು ಅಮ್ಮ ಕೂತು ಸೆರಗಿನಿಂದ ಅದನ್ನೂ ಒರೆಸಿದಳು.

ಅವನು ತಡೆಯಲಿಲ್ಲ. ಅವಳ ಹೆಗಲ ಮೇಲೆ ಕೈಯೂರಿ ನಿಂತಿದ್ದ. ನಾನು ಇದಕ್ಕಿಂತ ಹೆಚ್ಚಿನದನ್ನು ಯಾವ ದೇವರ ಬಳಿಯೂ ಕೇಳಿರಲಿಲ್ಲ, ಇಷ್ಟನ್ನು ಕೇಳಲೂ ಧೈರ್ಯವಿರಲಿಲ್ಲ.