ನುಂಗಿದ ಮೇಲೆ ಒಂದು ಮಾತು

ಅತ್ತೆಗೆ ನಮಸ್ಕಾರ.

ನಾನು ವರದಿ ಬರೆಯಲು ಬಂದಿರುವ ಈ ಅಮಲು ಬಿಡಿಸುವ ಆಸ್ಪತ್ರೆಯಲ್ಲಿ ರೋಗಿಗಳು ಔಷಧವನ್ನು ನರ್ಸ್ ಎದುರಿಗೇ ಕುಡಿದು, ನುಂಗಿದ್ದು ಖಾತ್ರಿಯಾಗಲು ಒಂದು ಮಾತಾಡಬೇಕು. ಕೂಸನ್ನು ಎತ್ತಿಕೊಂಡು ದಿನಾ ಎರಡು ಬಸ್ಸು ಹತ್ತಿ ಬರುವವಳೊಬ್ಬಳು ಮೊನ್ನೆ, "ಸಿಸ್ಟರ್, ನಿಮ್ಮ ಮುಖ ನೋಡೀ ನೋಡೀ ನನ್ನ ಗಂಡನ ಮುಖಾನೇ ಮರೆತೋಯ್ತು ಕಣ್ರೀ" ಅಂದಳು. ಇಂಥವರಿಗೆ ವಾರದ ಔಷಧ ಮನೆಗೇ ಕೊಡಬಹುದೇ ಎಂದು ನನ್ನ ವರದಿ ಹೇಳಬೇಕಿತ್ತು. ಕೊಡಿ, ಆದರೆ ಬೀಗದ ಡಬ್ಬಿಯಲ್ಲಿ ಎಂದು ಬರೆದೆ. ಒಂದು ಗುಟುಕಿಗೆ ಮಗುವಿನ ಜೀವವೇ ಹೋದೀತು. ಬರೆದಾಗಿನಿಂದ ನನಗೆ ನಿದ್ದೆಯಿಲ್ಲ. ನಿಮ್ಮ ಬಿ.ಪಿ. ಮಾತ್ರೆ ದಿಂಬಿನಡಿ ಇರುತ್ತದೆ, ನಮ್ಮ ಪುಟ್ಟಿ ಈಗ ಮಂಚ ಹತ್ತುತ್ತಾಳೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕೋಪ ಮಾಡಿಕೊಳ್ಳದೆ ಈಗಲೇ ಎದ್ದು ಅದನ್ನು ಬೀರುವಿನಲ್ಲಿಡಿ, ಅತ್ತೆ.

ನಿಮ್ಮ ಸೊಸೆ