ಸಂಜೆ ಆರರ ಸೊನ್ನೆ

ಜೂನ್ 2, ಬೆಳಿಗ್ಗೆ 7
ಸ್ಕೂಲಿನಿಂದ ತಂದ ಚಾಕ್‌ಪೀಸಿನಲ್ಲಿ ನೆಲಕ್ಕೆ ಮೀಟರಿಗೊಂದು ಗುರುತು ಹಾಕಿದೆ. ಅಕ್ಕನ ಮಂಚ ಸೊನ್ನೆ. ಮನೆ ಬಾಗಿಲು ಆರು ಮೀಟರ್. ಸೊಂಟದ ಆಪರೇಷನ್ ಆಗಿ ಮೂರು ತಿಂಗಳು. ಹದಿನಾಲ್ಕಕ್ಕೆ ಡಾಕ್ಟರ್ ಬರುತ್ತಾರೆ. ಅಷ್ಟರಲ್ಲಿ ವಾಕರ್ ಹಿಡಿದು ಬಾಗಿಲು ಮುಟ್ಟದಿದ್ದರೆ ವೀಲ್‌ಚೇರೇ ಗತಿ. ವೀಲ್‌ಚೇರ್ ಅಂದರೆ ಮೆಟ್ಟಿಲಿಳಿಯಲಾಗದೆ ಅವಳ ಹೊಲಿಗೆ ಅಂಗಡಿಗೆ ಬೀಗ.

"ಏನೇ ಫಿಸಿಕ್ಸ್ ಟೀಚರಮ್ಮ, ನನ್ನನ್ನೂ ಲೆಕ್ಕ ಮಾಡಿಬಿಟ್ಯಾ?" ಅಂದಳು.

ಜೂನ್ 5
ಸಂಜೆ ಆರಕ್ಕೆ ಮನೆಗೆ ಬಂದ ಕೂಡಲೇ ರೀಡಿಂಗ್: ಅಕ್ಕ ಮಂಚದಿಂದ ಎಷ್ಟು ಮೀಟರ್ ದೂರದಲ್ಲಿದ್ದಾಳೆ ಅಂತ. ಸೋಮವಾರ 0. ಮಂಗಳವಾರ 0. ನಿನ್ನೆ 0, ಇವತ್ತೂ 0. ಗ್ರಾಫ್‌ನಲ್ಲಿ ಗೆರೆ ಅಕ್ಕನ ಹಾಗೇ ಮಲಗಿದೆ.

ಜೂನ್ 10
0. ತಾಳ್ಮೆ ಕೆಟ್ಟಿತು. "ಬಂಡೆ ಥರ ಬಿದ್ದಿದ್ದೀಯಲ್ಲ, ನಿಂಗೆ ಮನಸ್ಸೇ ಇಲ್ಲ!" ಅಂದುಬಿಟ್ಟೆ. ಗೋಡೆಗೆ ಮುಖ ಮಾಡಿದಳು. ಡಾಕ್ಟರಿಗೂ ಫೋನ್ ಮಾಡಿದೆ — ಒಂದು ಹೆಜ್ಜೆಯೂ ಇಲ್ಲ ಎಂದೆ. ಹಾಗಾದರೆ ವೀಲ್‌ಚೇರಿಗೆ ಬರೆದಿಡ್ತೀನಿ ಅಂದರು.

ಜೂನ್ 12, ಸಂಜೆ
ಮೆಟ್ಟಿಲಲ್ಲಿ ಕೆಳಮನೆ ಅಜ್ಜಿ ಹಿಡಿದು ನಿಲ್ಲಿಸಿದರು. "ಏನಮ್ಮಾ ನಿಮ್ಮನೆ ಗಲಾಟೆ? ದಿನಾ ಮಧ್ಯಾಹ್ನ ತಲೆ ಮೇಲೆ ಟಕ್ ಟಕ್. ಆ ಕಡೆ ಹೋಗತ್ತೆ, ಈ ಕಡೆ ಬರತ್ತೆ. ಕಣ್ಣು ಮುಚ್ಚೋಕೆ ಬಿಡಲ್ಲ!"

ವಾಕರ್!

ಹೋಗಿ ವಾಪಸ್ ಬಂದರೆ ಸ್ಥಾನಪಲ್ಲಟ ಸೊನ್ನೆ, ನಡೆದ ದೂರ ಸೊನ್ನೆಯಲ್ಲ — ಇಪ್ಪತ್ತು ವರ್ಷದಿಂದ ಗಂಟಲು ಹರಿದುಕೊಂಡು ಪಾಠ ಮಾಡುತ್ತಿದ್ದೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ದಿನಕ್ಕೊಂದೇ ಸಲ, ಅದೂ ಅವಳು ಸುಸ್ತಾಗಿ ಮಲಗಿದ ಹೊತ್ತಿಗೆ ಅಳೆದಿದ್ದೇನೆ. ಒಂಬತ್ತನೇ ಕ್ಲಾಸಿನವರು ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ.

ಮೇಲಕ್ಕೆ ಓಡಿದೆ. "ಯಾಕೆ ಹೇಳಲಿಲ್ಲ ಅಕ್ಕಾ?"

"ನೀನು ಬಂದವಳೇ ನಾನು ಎಲ್ಲಿದ್ದೀನಿ ಅಂತ ನೋಡ್ತಿದ್ದೆ. ಏನು ಮಾಡ್ದೆ ಅಂತ ಒಂದಿನ ಕೇಳಿದ್ಯಾ?"

ಕಾಲು ಹಿಡಿದು ಅತ್ತೆ. "ಅದು ಆಪರೇಷನ್ ಕಾಲು, ಬಿಡೇ!" ಅಂದಳು. ಆಮೇಲೆ ಮೆಲ್ಲಗೆ, "ನಾಲ್ಕರ ಗುರುತಿನ ತನಕ ಹೋಗ್ತೀನಿ. ಮುಂದಕ್ಕೆ ಧೈರ್ಯ ಬರಲ್ಲ."

ಜೂನ್ 13, ಮಧ್ಯಾಹ್ನ 3
ಅರ್ಧ ದಿನ ರಜೆ. ಡಾಕ್ಟರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ನಾಳೆ ಕಣ್ಣಾರೆ ನೋಡಿಯೇ ಹೇಳ್ತೀನಿ ಅಂದರು.

ಅಕ್ಕ ಎದ್ದಳು. ಒಂದು. ಎರಡು. ಹಣೆ ತುಂಬಾ ಬೆವರು. ಹತ್ತಿರ ಹೋದರೆ, "ಕೂತ್ಕೊಂಡು ಬರಿ, ಅಡ್ಡ ಬರಬೇಡ." ಮೂರು. ನಾಲ್ಕು... ನಿಂತಳು. ತಿರುಗಲಿಲ್ಲ. ಐದು. ಆರು! ಚಿಲಕ ತೆಗೆಯುತ್ತಿದ್ದಾಳೆ...

"ಸಾಕು ಅಕ್ಕಾ, ಬಾಗಿಲು ಬಂತು!"

"ಯಾಕೆ ಸಾಕು? ಮುಂದೆ ಜಾಗ ಇದೆಯಲ್ಲ."

ಮುಂದಿರುವುದು ಮೆಟ್ಟಿಲು! ಅಯ್ಯೋ ನನ್ನ ತಾಯೀ, ನಿಲ್ಲೇ—