ಬೋಳುತಲೆಯ ಫೋಟೋ

ಇಚಲಕರಂಜಿ, ಮಂಗಳವಾರ, ೧೮ ನವೆಂಬರ್

ವಿಮೆಯವರ ಉತ್ತರ ಬಂತು. ಕೀಮೋದಿಂದ ಕೂದಲು ಉದುರಿದ್ದು ನಿಜವಂತೆ, ಆದರೆ ವಿಗ್ ಅಲಂಕಾರದ ವಸ್ತುವಂತೆ. ಅದಕ್ಕೆ ದುಡ್ಡು ಕೊಡುವುದಿಲ್ಲವಂತೆ.

ನನ್ನನ್ನು ಅತ್ತಿಗೆಯೆಂದೇ ಕರೆಯುವ ಏಜೆಂಟ್ ಭರತೇಶ ಫೋನಿನಲ್ಲಿ ಸಮಾಧಾನ ಹೇಳಿದ: “ವಹಿನಿ, ತಲಿ ಮ್ಯಾಲ ಸೆರಗ ಇರತೈತಲ್ರಿ, ಯಾರ ನೋಡ್ತಾರ?”

ಅವನ ಬಾಯಿಗೆ ಮಣ್ಣು ಹಾಕ! ಪುರಾವೆಗೆಂದು ಬೋಳುತಲೆಯ ಫೋಟೋ ಕೇಳಿದವರೇ ಅವರು. ಹೋದ ತಿಂಗಳು ಬಾಗಿಲು ಹಾಕಿಕೊಂಡು ನಾನೇ ತೆಗೆದು ಕಳಿಸಿದೆ. ಗಂಡನಿಗೂ ತೋರಿಸದ ತಲೆ ಅದು. ಮಲಗುವಾಗಲೂ ಸ್ಕಾರ್ಫ್ ಬಿಚ್ಚಿಲ್ಲ.

ಸಂಜೆ ನಾನೇ ಮತ್ತೆ ಫೋನ್ ಮಾಡಿದೆ. “ವಿಗ್ ಬ್ಯಾಡ್ರಿ. ಆ ಫೋಟೋ ಆದ್ರೂ ಅಳಿಸಾಕ ಹೇಳ್ರಿ.”

“ಅದು ಫೈಲಿಗೆ ಹೋತ್ರಿ, ವಹಿನಿ. ಇನ್ನ ಕಾಯಮ್ ಇರತೈತಿ.”

ಕಾಯಮ್. ಕೂದಲು ಮತ್ತೆ ಬಂದಮೇಲೂ. ಬರುವ ಮೊದಲೇ ನಾನು ಹೋದರೆ, ಅಲ್ಲಿ ಉಳಿಯುವುದು ಆ ತಲೆಯೇ.